ಬೀದರಿನಲ್ಲಿ ಬೆಳ್ಳಿಗೆ ಎಷ್ಟು ಹೆಸರು?

ಬೀದರಿನ ಸರಾಫ್ ಅಂಗಡಿಯಲ್ಲಿ ಬೆಳ್ಳಿಯನ್ನು ಏನಂತ ಕೇಳಬೇಕು ಎಂದು ಕೇಳಿದ್ದೀರಿ. ಬೆಳ್ಳಿ, ಚಾಂದಿ, ವೆಂಡಿ, ಯಾವುದಂದರೂ ನಡೆಯುತ್ತದೆ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ, ಊರೊಳಗೆ ದಖನಿ ಉರ್ದು. ಆದರೆ ಈ ಮೂರು ಹೆಸರೂ ಒಂದೇ ಬೇರಿನವಲ್ಲ. ಯಾವುದು ಯಾರ ನೆಂಟ ಅಂತ ತಿಳಿದುಕೊಂಡರೆ ಇಲ್ಲಿನ ಅರ್ಧ ಮಾತು ತಾನಾಗಿ ಬಿಡಿಸಿಕೊಳ್ಳುತ್ತದೆ.

ನಮ್ಮ ಬೆಳ್ಳಿ ಮತ್ತು ತೆಲುಗಿನ ವೆಂಡಿ ಒಂದೇ ಮನೆಯವು. ತಮಿಳು, ಮಲಯಾಳಂನಲ್ಲಿ ವೆಳ್ಳಿ, ತುಳುವಿನಲ್ಲಿ ಬೊಳ್ಳಿ. ಎಲ್ಲಕ್ಕೂ ಮೂಲ ‘ವೆಳ್’, ಅಂದರೆ ಬಿಳುಪು, ಹೊಳಪು. ಪದದ ಮೊದಲಿನ ‘ವ’ ಕನ್ನಡದಲ್ಲಿ ‘ಬ’ ಆಗುತ್ತದೆ. ತೆಲುಗಿನ ವೇರು ನಮ್ಮ ಬೇರು, ವಿಲ್ಲು ನಮ್ಮ ಬಿಲ್ಲು, ವೆನ್ನ ನಮ್ಮ ಬೆಣ್ಣೆ. ಈ ಒಂದು ಸೂತ್ರ ಕೈಯಲ್ಲಿದ್ದರೆ ಗಡಿಯಲ್ಲಿ ತೆಲುಗು ಕಲಿಯುವುದು ಸಲೀಸು. ಬೆಳಕು, ಬೆಳಗು, ಬೆಳದಿಂಗಳು, ಬೆಳ್ಳಕ್ಕಿ, ಬೆಳ್ಳುಳ್ಳಿ ಎಲ್ಲ ಇದೇ ಬಳಗ. ಬೆಣ್ಣೆ ಕೂಡ: ವೆಳ್ ಮತ್ತು ನೆಯ್ ಸೇರಿ ‘ಬಿಳಿ ತುಪ್ಪ’. ಶ್ರವಣಬೆಳಗೊಳದ ‘ಬೆಳಗೊಳ’ ಬಿಳಿಯ ಕೊಳ. ಹಾಗಂತ ‘ಬೆಳ’ ಕಂಡಲ್ಲೆಲ್ಲ ಬೆಳ್ಳಿ ಹುಡುಕಬೇಡಿ. ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ, ಅಲ್ಲಿರುವುದು ಬಿದಿರು. ಬೀದರಿನ ಹೆಸರನ್ನೂ ಬಿದಿರಿನಿಂದಲೇ ಬಿಡಿಸುತ್ತಾರೆ.

ನಸುಕಿನಲ್ಲಿ ಮೂಡುವ ಶುಕ್ರನಿಗೂ ಕನ್ನಡದಲ್ಲಿ ಬೆಳ್ಳಿಯೇ ಹೆಸರು. ‘ಬೆಳ್ಳಿ ಮೂಡಿತು’ ಅಂದರೆ ಎತ್ತು ಹೂಡುವ ಹೊತ್ತಾಯಿತು ಅಂತ. ತಮಿಳರು, ಮಲಯಾಳಿಗಳು ಶುಕ್ರವಾರವನ್ನೂ ವೆಳ್ಳಿ ಅನ್ನುತ್ತಾರೆ. ಲೋಹದ ಹೆಸರು ಚುಕ್ಕಿಗೆ ಬಂತೋ, ಚುಕ್ಕಿಯದು ಲೋಹಕ್ಕೆ ಬಂತೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಎರಡೂ ಬೆಳ್ಳಗೆ ಹೊಳೆಯುತ್ತವೆ ಅಷ್ಟೆ. ಸಂಸ್ಕೃತದ ‘ಶುಕ್ರ’ಕ್ಕೂ ಹೊಳೆಯುವುದು ಎಂದೇ ಅರ್ಥ.

ಉರ್ದು, ಮರಾಠಿಯವರ ಚಾಂದಿಯ ದಾರಿ ಬೇರೆ. ಅದು ಚಂದ್ರನ ಕಡೆಯದು: ಚಂದ್ರ, ಚಾಂದ್, ಚಾಂದಿ. ನಾವು ಬೆಳ್ಳಿಯನ್ನು ಚುಕ್ಕಿಯ ಜೊತೆ ಇಟ್ಟೆವು, ಅವರು ತಿಂಗಳ ಜೊತೆ ಇಟ್ಟರು. ಪುಸ್ತಕದ ಕನ್ನಡದಲ್ಲಿ ಬರುವ ‘ರಜತ’ವೂ ಹೊಳಪಿನದೇ. ಲ್ಯಾಟಿನ್ನಿನ ಅರ್ಜೆಂಟಮ್, ಬಿಳಿಯ ಎಂಬ ಅರ್ಥದ ‘ಅರ್ಜುನ’ ಅದರ ದೂರದ ದಾಯಾದಿಗಳು. ರಸಾಯನಶಾಸ್ತ್ರದಲ್ಲಿ ಬೆಳ್ಳಿಗೆ ‘ಎಜಿ’ ಎಂಬ ಚಿಹ್ನೆ ಬಂದದ್ದು ಆ ಲ್ಯಾಟಿನ್ ಪದದಿಂದ.

ಮರಾಠಿಯವರ ಬಾಯಲ್ಲಿ ‘ಸೋನೆ-ರುಪೆ’ ಅಂತ ಕೇಳುತ್ತೀರಿ. ಈ ರುಪೆ ಹೊಳಪಿನಿಂದ ಬಂದದ್ದಲ್ಲ, ಮುದ್ರೆಯಿಂದ ಬಂದದ್ದು. ರೂಪವನ್ನು ಒತ್ತಿದ್ದು ‘ರೂಪ್ಯ’ ಎಂದು ಪಾಣಿನಿಯ ಸೂತ್ರವೇ ಇದೆ. ಅಚ್ಚೊತ್ತಿದ ನಾಣ್ಯಕ್ಕಿದ್ದ ಹೆಸರು ನಾಣ್ಯದ ಲೋಹಕ್ಕೂ ಅಂಟಿತು. ಶೇರ್ ಷಾ ಸೂರಿ 1540ರ ದಶಕದಲ್ಲಿ ಸುಮಾರು 11.5 ಗ್ರಾಂ ಬೆಳ್ಳಿಯ ರುಪಯ್ಯಾ ಹೊರಡಿಸಿದ, ನಮ್ಮ ರೂಪಾಯಿ ಅದರ ವಾರಸುದಾರ. ‘ಸಿಕ್ಕಾ’ದ ಕಥೆಯೂ ಇಂಥದ್ದೇ, ಅರಬ್ಬಿಯಲ್ಲಿ ಅದು ನಾಣ್ಯ ಒತ್ತುವ ಅಚ್ಚು. ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ಹಾಗಾಗಿ ಹಳಬರ ಲೆಕ್ಕದಲ್ಲಿ ಎರಡು ಬಗೆಯ ರೂಪಾಯಿ. ನಿಜಾಮರದು ‘ಹಾಲಿ ಸಿಕ್ಕಾ’, ಅಂದರೆ ಚಾಲ್ತಿಯ ನಾಣ್ಯ. ಬ್ರಿಟಿಷರದು ‘ಕಲ್ದಾರ್’, ಕಲ್ ಅಂದರೆ ಯಂತ್ರ, ಯಂತ್ರದಲ್ಲಿ ಒತ್ತಿದ್ದು. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ವಿನಿಮಯದ ಲೆಕ್ಕ. ಕಲ್ದಾರ್ ತೂಕ ಸರಿಯಾಗಿ ಒಂದು ತೊಲ, 11.66 ಗ್ರಾಂ. ಇವತ್ತು ಅಂಗಡಿಯಲ್ಲಿ ತೊಲ ಅಂದರೆ ಬಹುತೇಕ 10 ಗ್ರಾಂ, ಹಳೆಯ ಪಟ್ಟಿ ನೋಡುವಾಗ ಜನ ಎಡವುವುದು ಇಲ್ಲೇ.

ಬೆಳ್ಳಿಯ ಒಡವೆಗಳಿಗೂ ಭಾಷೆಗೊಂದು ಹೆಸರು. ಕಾಲುಂಗುರಕ್ಕೆ ಮರಾಠಿಯಲ್ಲಿ ಜೋಡವಿ, ತೆಲುಗಿನಲ್ಲಿ ಮೆಟ್ಟೆಲು. ಗೆಜ್ಜೆಗೆ ಪೈಂಜಣ, ಪಟ್ಟೀಲು. ಉರ್ದುವಿನ ಪಾಜೇಬ್ ಪಾರಸಿಯ ‘ಪಾದದ ಅಲಂಕಾರ’. ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆ ಸಂಸ್ಕೃತದ ‘ಕರಂಡ’ದಿಂದ, ಅಂದರೆ ಸಣ್ಣ ಪೆಟ್ಟಿಗೆ. ಕರಡಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

ಇನ್ನು ಬಿದ್ರಿ, ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ಬೀದರಿನ ಕಸುಬು. ಇಲ್ಲಿ ಲೋಹದ ಹೆಸರು ಮನೆಯದು, ಕೆಲಸದ ಹೆಸರು ಪಾರಸಿಯದು. ಬಿದ್ರಿ ಪಾತ್ರೆ ಬೆಳ್ಳಿಯದಲ್ಲ, ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಕ ಹೊಯ್ದು, ಅರ ಹಾಕಿ ನುಣುಪು ಮಾಡಿ, ಗೆರೆ ಕಾಣಲೆಂದು ಮೈಲುತುತ್ತ ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆಮೇಲೆ ಉಕ್ಕಿನ ಉಳಿಯಿಂದ ಕೊರೆದು, ಕೊರೆದ ಗೀರಿನೊಳಗೆ ಬೆಳ್ಳಿಯನ್ನು ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಈ ಉಳಿಗೆ ಅವರ ಮಾತಿನಲ್ಲಿ ‘ಕಲಮ್’, ಲೇಖನಿ. ತಂತಿ ಕೂರಿಸಿದರೆ ‘ತಾರಕಶಿ’: ತಾರ್ ತಂತಿ, ಕಶಿ ಎಳೆಯುವುದು. ತಗಡನ್ನು ಆಳಕ್ಕೆ ಕೂರಿಸಿದರೆ ‘ತೆಹ್‌ನಿಶಾನ್’, ತೆಹ್ ಅಂದರೆ ತಳ. ಮೇಲಕ್ಕೆ ಉಬ್ಬಿದ್ದರೆ ‘ಜರಬುಲಂದ್’, ಬುಲಂದ್ ಅಂದರೆ ಎತ್ತರ. ತಗಡು ಹೊದಿಸಿ ಚಿತ್ತಾರವನ್ನು ಕತ್ತರಿಸಿ ತೆಗೆದು ತಳದ ಕಪ್ಪು ಕಾಣಿಸಿದರೆ ‘ಅಫ್ತಾಬಿ’, ಅಫ್ತಾಬ್ ಸೂರ್ಯ. ತಮಾಷೆ ನೋಡಿ, ‘ಜರ್’ ಅಂದರೆ ಪಾರಸಿಯಲ್ಲಿ ಚಿನ್ನ, ಇಲ್ಲಿ ಕೂರುವುದು ಬೆಳ್ಳಿ. ಸೀರೆಯ ಜರಿಗೂ ಇದೇ ಪಾಡು: ಅಸಲಿ ಜರಿಯ ಒಳಗಿರುವುದು ಬೆಳ್ಳಿ ಎಳೆ, ಹೊರಗೆ ಚಿನ್ನದ ಲೇಪ.

ಕೊನೆಯ ಕಪ್ಪು ಬರುವುದು ಬೀದರ್ ಕೋಟೆಯ ಮಣ್ಣಿನಿಂದ. ನವಸಾಗರ ಬೆರೆಸಿ ಕುದಿಸಿದ ಆ ಮಣ್ಣಿನ ನೀರು ಬಿಸಿ ಮಾಡಿದ ಪಾತ್ರೆಗೆ ತಾಗಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೇರೆ ಮಣ್ಣಿಗೆ ಆ ಗಾಢ ಬಣ್ಣ ಬರುವುದಿಲ್ಲ ಎಂದು ಕುಶಲಕರ್ಮಿಗಳು ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುತ್ತಾರೆ.

ಕೊಳ್ಳುವಾಗ ಎರಡು ಮಾತು ನೆನಪಿಡಿ. ‘ಚೋಖಾ’ ಅಂದರೆ ಅಪ್ಪಟ, ನಮ್ಮ ‘ಚೊಕ್ಕ’ದ ಒಡಹುಟ್ಟು, ಎರಡೂ ಸಂಸ್ಕೃತದ ‘ಚೋಕ್ಷ’ದಿಂದ. ‘ಜರ್ಮನ್ ಸಿಲ್ವರ್’ನಲ್ಲಿ ಮಾತ್ರ ಗುಂಜಿಯಷ್ಟೂ ಬೆಳ್ಳಿಯಿಲ್ಲ, ಅದು ತಾಮ್ರ, ನಿಕ್ಕಲ್, ಸತು. ಬಿದ್ರಿಯನ್ನು ಮನೆಗೊಯ್ದ ಮೇಲೆ ಹುಣಸೆಹಣ್ಣು, ಬೆಳ್ಳಿ ತೊಳೆಯುವ ಪುಡಿ ಹತ್ತಿರ ಸುಳಿಯಗೊಡಬೇಡಿ, ಹುಳಿಗೆ ಕಪ್ಪು ಕಿತ್ತುಹೋಗಿ ಸತುವಿನ ಬೂದು ಬಣ್ಣ ಹೊರಬರುತ್ತದೆ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.