ಹೊಸದಾಗಿ ಸೋನಿ ಎ6400 ಕ್ಯಾಮೆರಾ ತಗೊಂಡಿದ್ದೇನೆ, ಎಲ್ಲದಕ್ಕೂ ಆಗುವ ಒಂದು ಲೆನ್ಸ್ ಯಾವುದು?

ಒಂದೇ ಲೆನ್ಸ್ ಅಂದರೆ ನನ್ನ ಓಟು ಸಿಗ್ಮಾ 18-50 ಎಫ್/2.8ಗೆ (18-50 ಅನ್ನುವುದು ಜೂಮ್ ವ್ಯಾಪ್ತಿ, ಮಿ.ಮೀ.ಗಳಲ್ಲಿ; ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ).

ಕ್ಯಾಮೆರಾ ಜೊತೆ ಬರುವ 16-50 ಕಿಟ್ ಲೆನ್ಸ್ ಕೆಟ್ಟದ್ದೇನಲ್ಲ, ತುಂಬಾ ಪುಟ್ಟದು, ಆದರೆ ಪೂರ್ತಿ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/5.6ಕ್ಕೆ ಇಳಿಯುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಸಿಗ್ಮಾ ಅಲ್ಲೂ 2.8ರಲ್ಲೇ ಇರುತ್ತದೆ, ಅಂದರೆ ನಾಲ್ಕು ಪಟ್ಟು ಬೆಳಕು. ಮದುವೆ ಛತ್ರದ ಒಳಗೆ ಫೋಟೋ ತೆಗೆದರೆ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಸಿಗ್ಮಾದ ತೂಕವೂ ಸುಮಾರು 290 ಗ್ರಾಂ ಅಷ್ಟೇ.

ಒಂದು ಕೊರತೆ ಇದೆ. ಕೈ ನಡುಗಿದ್ದನ್ನು ಸರಿಪಡಿಸುವ ಸ್ಟೆಬಿಲೈಸೇಶನ್ ಎ6400 ಬಾಡಿಯಲ್ಲಿಲ್ಲ, ಈ ಲೆನ್ಸಿನಲ್ಲೂ ಇಲ್ಲ (ತಮಾಷೆ ಅಂದರೆ, ಕಿಟ್ ಲೆನ್ಸಿನಲ್ಲಿದೆ). ಕೈಯಲ್ಲೇ ಹಿಡಿದು ವಿಡಿಯೋ ಮಾಡುವುದೇ ಜಾಸ್ತಿ ಅಂದರೆ ಟ್ಯಾಮ್ರಾನ್ 17-70 ಎಫ್/2.8 ನೋಡಿ, ಅದರಲ್ಲಿ ಸ್ಟೆಬಿಲೈಸೇಶನ್ ಇದೆ, ಜೂಮ್ ಕೂಡ ಸ್ವಲ್ಪ ಜಾಸ್ತಿ. ಆದರೆ 525 ಗ್ರಾಂ. ಇಡೀ ದಿನ ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡಬೇಕಲ್ವಾ, ಯೋಚಿಸಿ.

ಹಕ್ಕಿ ಫೋಟೋಗೆ ಇವೆರಡೂ ಸಾಲದು, ಸೋನಿ 70-350 ಥರದ್ದು ಬೇಕು. ಅದನ್ನು ಈಗಲೇ ಸುಮ್ನೆ ಕೊಳ್ಳಬೇಡಿ. ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಂದು ರಂಗನತಿಟ್ಟಿಗೋ ಎಲ್ಲಿಗೋ ಹೋಗಿ ನೋಡಿ.