ಪ್ರತಿಕ್ರಿಯೆ: "ನಿನ್ನೆಯೇ ಕಳಿಸಿದ್ದೇವೆ" ಅನ್ನುವ ಸುಳ್ಳು

ಸಾಮಾನು ಇನ್ನೂ ಗೋಡೌನಿನಲ್ಲೇ ಇದ್ದರೂ ಗ್ರಾಹಕರಿಗೆ "ನಿನ್ನೆಯೇ ಕಳಿಸಿದ್ದೇವೆ" ಅಂತ ಮ್ಯಾನೇಜರ್ ಹೇಳಿಸುತ್ತಾರೆ, ಯಾರಿಗೂ ನಷ್ಟವಿಲ್ಲ, ಇದೂ ಪಾಪವಾ ಅಂತ ಕೇಳಿದ್ದೀರಿ. ಹೌದು, ಪಾಪವೇ. ನಿಮ್ಮ ಮನಸ್ಸಿಗೂ ಅದು ಚುಚ್ಚುತ್ತಿದೆ, ಅದಕ್ಕೇ ಕೇಳಿದ್ದೀರಿ ಅಲ್ವಾ?

ಬೈಬಲ್ ಇದನ್ನು ಸುಮ್ನೆ ಒಂದು ನಿಯಮ ಅಂತ ಹೇಳುವುದಿಲ್ಲ. ದೇವರ ಗುಣದಿಂದ ಶುರು ಮಾಡುತ್ತದೆ. ತೀತ 1:2ರಲ್ಲಿ ಆತನು ಸುಳ್ಳಾಡದವನು ಅಂತಿದೆ. ಇಬ್ರಿಯ 6:18ರ ಪ್ರಕಾರ ಆತನು ಸುಳ್ಳಾಡುವುದು ಸಾಧ್ಯವೇ ಇಲ್ಲ. ನಮಗೆ ಸಿಕ್ಕ ಕ್ಷಮೆ, ನಿತ್ಯಜೀವ ಎಲ್ಲವೂ ಆತನ ಮಾತಿನ ಮೇಲೆ ನಿಂತಿವೆ. ಅಂಥ ಮಾತನ್ನು ನಂಬಿ ಬದುಕುವ ನಾವು, ನಮ್ಮನ್ನು ನಂಬಿದವರಿಗೆ ಸುಳ್ಳು ಹೇಳುವುದು ಹೇಗೆ?

ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯದ ಅನನೀಯನನ್ನು ನೋಡಿ. ಭೂಮಿ ಮಾರಿದ ದುಡ್ಡನ್ನು ಅವನು ಇಟ್ಟುಕೊಳ್ಳಬಹುದಿತ್ತು, ಯೇಸುವಿನ ಶಿಷ್ಯ ಪೇತ್ರನೇ ಹಾಗೆ ಹೇಳುತ್ತಾನೆ. ತಪ್ಪಾಗಿದ್ದು, ಸ್ವಲ್ಪ ಇಟ್ಟುಕೊಂಡು ಸಭೆಗೆ ಪೂರ್ತಿ ಕೊಟ್ಟವನಂತೆ ತೋರಿಸಿಕೊಂಡಿದ್ದು. ನಿಮ್ಮಲ್ಲೂ ಅಷ್ಟೇ. ತಡವಾಗಿದ್ದು ತಪ್ಪಲ್ಲ, ತಡವಾಗಿಲ್ಲ ಅನ್ನುವುದು ತಪ್ಪು.

ರಾಹಾಬಳು ಸುಳ್ಳು ಹೇಳಲಿಲ್ಲವಾ ಅಂತಲೂ ಬರೆದಿದ್ದೀರಿ. ಯೆರಿಕೋವಿನ ಆ ಹೆಂಗಸು ಇಸ್ರಾಯೇಲಿನ ಇಬ್ಬರು ಗೂಢಚಾರರನ್ನು ಮನೆಯಲ್ಲಿ ಬಚ್ಚಿಟ್ಟು, ಹುಡುಕಿ ಬಂದವರಿಗೆ ಅವರು ಹೊರಟುಹೋದರು ಅಂದಳು. ಅವಳ ಮುಂದೆ ಆ ಇಬ್ಬರ ಪ್ರಾಣವಿತ್ತು. ಡೆಲಿವರಿ ದಿನಾಂಕಕ್ಕೆ ಅವಳನ್ನು ಎಳೆದು ತರಬೇಡಿ.

ನಾನೂ ಇಂಥ ಕೆಲಸದಲ್ಲಿದ್ದೆ. ಒಂದು ದಿನ ಧೈರ್ಯ ಮಾಡಿ, "ಇನ್ನೂ ಹೊರಟಿಲ್ಲ ಸರ್, ಗುರುವಾರ ಹೊರಡುತ್ತೆ" ಅಂದೆ. ಕೈ ನಡುಗುತ್ತಿತ್ತು. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಹಾಗಾದ್ರೆ ಶನಿವಾರಕ್ಕೆ ಜನ ಇಟ್ಕೊಳ್ತೀನಿ" ಅಂದರು. ನೀವೂ ಮೊದಲು ಮ್ಯಾನೇಜರ್ ಹತ್ತಿರ ಒಬ್ಬರೇ ಹೋಗಿ ಮಾತಾಡಿ. "ಇನ್ನೂ ಹೊರಟಿಲ್ಲ" ಅನ್ನುವ ವಾಕ್ಯ ಹೇಳಲು ಅನುಮತಿ ಕೇಳಿ. ನಿಮಗಾಗಿ ಪ್ರಾರ್ಥಿಸುತ್ತೇನೆ.