ಮೆಗ್ನೀಸಿಯಂ ಮಾತ್ರೆ ಶುರು ಮಾಡಿದ ಮೇಲೆ ಭೇದಿ: ಪ್ರತಿಕ್ರಿಯೆ

ಮೆಗ್ನೀಸಿಯಂ ಮಾತ್ರೆ ಶುರು ಮಾಡಿದ ಮೇಲೆ ಭೇದಿ ಆಗುತ್ತಿದೆ ಅಂತ ಬರೆದಿದ್ದೀರಿ. ಅದಕ್ಕೆ ಕಾರಣ ಬಹುಶಃ ಆ ಮಾತ್ರೆಯಲ್ಲಿರುವ ಮೆಗ್ನೀಸಿಯಂ ಆಕ್ಸೈಡ್. ಅದು ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ಉಳಿದದ್ದು ನೀರು ಎಳೆದುಕೊಂಡು ಹೊಟ್ಟೆ ಸಡಿಲ ಮಾಡುತ್ತದೆ. ಮಲಬದ್ಧತೆಗೆ ಕೊಡುವುದೂ ಇದನ್ನೇ. ನನಗೂ ಹೀಗೇ ಆಗಿತ್ತು, ಮೆಗ್ನೀಸಿಯಂ ಗ್ಲೈಸಿನೇಟ್‌ಗೆ (ಮೆಗ್ನೀಸಿಯಂನ ಇನ್ನೊಂದು ರೂಪ) ಬದಲಾಯಿಸಿದ ಮೇಲೆ ನಿಂತಿತು.

ಮೊದಲು ಭೇದಿ ನಿಲ್ಲುವವರೆಗೂ ಮಾತ್ರೆ ಬಿಡಿ. ಬಿಟ್ಟ ಮೇಲೂ ನಿಲ್ಲದಿದ್ದರೆ ಕಾರಣ ಬೇರೆ ಇರಬಹುದು, ಡಾಕ್ಟರಿಗೆ ತೋರಿಸಿ. ಕಿಡ್ನಿ ತೊಂದರೆ ಇದ್ದರಂತೂ ಅವರನ್ನು ಕೇಳದೆ ಮತ್ತೆ ಶುರು ಮಾಡಲೇಬೇಡಿ, ಮೆಗ್ನೀಸಿಯಂ ರಕ್ತದಲ್ಲಿ ಏರಿ ಅಪಾಯವಾಗುತ್ತದೆ.

ಆಮೇಲೂ ಮಾತ್ರೆ ಬೇಕು ಅಂದರೆ ಗ್ಲೈಸಿನೇಟ್ ತೆಗೆದುಕೊಂಡು, ರಾತ್ರಿ ಊಟದ ನಂತರ ಸುಮಾರು 100 ಮಿ.ಗ್ರಾಂ.ನಿಂದ ಶುರು ಮಾಡಿ. ಲೇಬಲ್‌ನಲ್ಲಿ ಎಲಿಮೆಂಟಲ್ ಮೆಗ್ನೀಸಿಯಂ (ಅಂದರೆ ನಿಜವಾದ ಮೆಗ್ನೀಸಿಯಂ ಅಂಶ) ಎಷ್ಟು ಅಂತ ನೋಡಿ, ದೊಡ್ಡಕ್ಷರದ ಅಂಕಿ ನಂಬಬೇಡಿ. ಮಾತ್ರೆಯಿಂದ ದಿನಕ್ಕೆ 350 ಮಿ.ಗ್ರಾಂ. ದಾಟಬಾರದು. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ಜೊತೆಗೇ ನುಂಗುತ್ತಿದ್ದೇನೆ ಅಂದಿದ್ದೀರಿ, ಅದು ಬೇಡ. ಎರಡರ ನಡುವೆ 4 ಗಂಟೆ ಅಂತರ ಬೇಕು, ಇಲ್ಲದಿದ್ದರೆ ಥೈರಾಯ್ಡ್ ಔಷಧಿ ಪೂರ್ತಿ ಹೀರಿಕೆಯಾಗುವುದಿಲ್ಲ.

ಇನ್ನು ಟೆನ್ಷನ್‌ನಿಂದ ಆಗುವ ಆಕ್ಸಿಡೇಟಿವ್ ಹಾನಿಯನ್ನು (ಫ್ರೀ ರ್ಯಾಡಿಕಲ್ ಎಂಬ ಚುರುಕು ಕಣಗಳಿಂದ ಜೀವಕೋಶಗಳಿಗೆ ಆಗುವ ಪೆಟ್ಟು) ಮೆಗ್ನೀಸಿಯಂ ತಡೆಯುತ್ತದಾ ಅಂತ ಕೇಳಿದ್ದೀರಿ. ಈ ಹಾನಿ ತಡೆಯುವ ಗ್ಲುಟಾಥಯೋನ್ ಎಂಬ ವಸ್ತುವನ್ನು ದೇಹ ತಯಾರಿಸಲು ಮೆಗ್ನೀಸಿಯಂ ಬೇಕು. ಕೊರತೆ ಮಾಡಿದ ಇಲಿಗಳಲ್ಲಿ ಇಂಥ ಹಾನಿ ಜಾಸ್ತಿಯಾಗಿದ್ದೂ ನಿಜ. ಆದರೆ ಕೊರತೆಯೇ ಇಲ್ಲದ ಮನುಷ್ಯರಿಗೆ ಮಾತ್ರೆಯಿಂದ ರಕ್ಷಣೆ ಸಿಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಕೊರತೆ ಇದೆಯಾ ಅಂತ ತಿಳಿಯಲು ರಕ್ತಪರೀಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ. ದೇಹದ ಮೆಗ್ನೀಸಿಯಂನಲ್ಲಿ ಪರೀಕ್ಷೆ ಅಳೆಯುವ ರಕ್ತದ ಸೀರಮ್‌ನಲ್ಲಿ (ದ್ರವಭಾಗ) ಇರುವುದು ಶೇ. 1ಕ್ಕಿಂತ ಕಡಿಮೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ತರಹದ ಅಸಿಡಿಟಿ ಮಾತ್ರೆ ವರ್ಷಗಟ್ಟಲೆ ತಿನ್ನುತ್ತಿದ್ದರೆ ಕೊರತೆ ಇರುವ ಸಾಧ್ಯತೆ ಇದೆ, ಅದನ್ನು ಡಾಕ್ಟರಿಗೆ ಹೇಳಿ. ಇಲ್ಲವಾದರೆ ರಾಗಿ, ಹೆಸರುಕಾಳು, ಕುಂಬಳಕಾಯಿ ಬೀಜ ಸಾಕು. ಸುಮ್ನೆ ದುಡ್ಡು ಹಾಕಬೇಡಿ.